ಪ್ರಯತ್ನ ಸಾಲದು

ಮೂಗಿನ ಯಾವ ಹೊಳ್ಳೆಯಲ್ಲಿ ಉಸಿರು ಸಲೀಸಾಗಿ ಆಡುತ್ತದೆ ಎಂದು ನರ್ಸು ಕೇಳಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೇಳಬಾರದ್ದನ್ನೇನೂ ನರ್ಸು ಕೇಳಿರಲಿಲ್ಲ. ಆದರೆ ಉಸಿರಾಡಲು ಆಗುತ್ತಿಲ್ಲ ಎಂದು ಹೋದ ವರ್ಷದಿಂದ ಕಂಡಕಂಡವರ ಮುಂದೆ ಬಾಯಿಬಿಟ್ಟು ಹೇಳಿಕೊಂಡಿದ್ದಳಲ್ಲ, ಆಗ ಅವಳ ಮಾತು ಯಾರಿಗೂ ಬೇಕಾಗಿರಲಿಲ್ಲ. ಈಗ ಹೊಳ್ಳೆಯ ವಿಚಾರಕ್ಕೆ ಬೇಕಾಗಿತ್ತು. ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಗಂಡ ತಲೆಯೆತ್ತದೆ, 'ಎರಡೂ ಸರಿಯಾಗೇ ಇದೆ ಸಿಸ್ಟರ್. ನೆಗಡಿಗಿಗಡಿ ಏನಿಲ್ಲ ಅವಳಿಗೆ' ಎಂದ. 'ಬಲಗಡೆ' ಎಂದಳು ಅವಳು. ಬಲಗಡೆಯೋ ಎಡಗಡೆಯೋ ಅವಳಿಗೇ ಖಾತ್ರಿಯಿರಲಿಲ್ಲ. ಆದರೆ ತನ್ನ ಮೂಗಿನ ಬಗ್ಗೆ ಗಂಡ ಹೇಳಿದ್ದು ಒಪ್ಪಿತವಾಗಿ ಹೋಗುವುದು ಬೇಡವೆನಿಸಿತ್ತು. ನರ್ಸು ತಲೆಯಾಡಿಸಿ, ಬೆಳಗಿನಿಂದ ಏನೂ ತಿಂದಿಲ್ಲ ತಾನೆ ಎಂದು ಖಚಿತ ಮಾಡಿಕೊಂಡು, ಕರೀತೀವಿ ಕೂತಿರಿ ಎಂದು ಹೊರಟುಹೋದಳು.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತವರೆಲ್ಲ ಎದೆಯ ರೋಗಿಗಳು. ಎದುರಿಗೆ ಒಬ್ಬ ಮುದುಕ, ಗಾಲಿಯ ಮೇಲಿಟ್ಟ ಆಮ್ಲಜನಕದ ಸಿಲಿಂಡರಿನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು, ಸಾಕಿದ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡವನ ಹಾಗೆ ನೆಮ್ಮದಿಯಾಗಿದ್ದ. ಬಂದವರೆಲ್ಲ ಅವನಿಗೆ ದಾರಿ ಬಿಡುತ್ತಿದ್ದರು. ಒಬ್ಬ ಹುಡುಗಿ ಎದ್ದು ಫ್ಯಾನಿನ ಕೆಳಗಿನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಅವನು ಯಾರಿಗೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಅವನ ಪರವಾಗಿ ಸಿಲಿಂಡರೇ ಮಾತಾಡುತ್ತಿತ್ತು. ತಾನು ಆ ಸಿಲಿಂಡರನ್ನು ಆಸೆಯಿಂದ ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ; ಗೊತ್ತಾದ ಕೂಡಲೇ ಕಿವಿ ಬಿಸಿಯಾಯಿತು. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗಲೂ ಇದೇ ಯೋಚನೆ ಬಂದಿತ್ತು. ಏನಾದರೂ ಸಿಗಲಿ, ಏನೂ ಇಲ್ಲ ಎಂದು ಮಾತ್ರ ಹೇಳದಿರಲಿ. ಕಾಯಿಲೆ ಬರಲಿ ಎಂದು ಬೇಡಿಕೊಳ್ಳುವವರು ಲೋಕದಲ್ಲಿ ಇದ್ದಾರೆಯೇ? ಇದ್ದರೆ ಅವರು ಸುಳ್ಳುಗಾರರೇ ಇರಬೇಕಲ್ಲವೇ? ಹೀಗೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಕೊಳ್ಳುವುದು ಇತ್ತೀಚೆಗೆ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು, ದಿಂಬಿಲ್ಲದೆ ಅಂಗಾತ ಮಲಗಿ, ನೋಡೋಣ ಇದು ನಿಜವೋ ನಾಟಕವೋ ಎಂದು ತನ್ನನ್ನೇ ಪರೀಕ್ಷಿಸಿಕೊಂಡಿದ್ದಳು. ಎದೆಯ ಮೇಲೆ ಯಾರೋ ಹತ್ತಿ ಕೂತ ಹಾಗಾಗಿ, ಗಾಳಿಗೆ ಬಾಯಿ ತೆರೆದು ಎದ್ದು ಕೂತಮೇಲೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಆಗುತ್ತದೆ ಎಂದುಕೊಂಡು ಮಲಗಿದ್ದಕ್ಕೇ ಹೀಗಾಯಿತೋ ಏನೋ.

ಮೊದಲು ಬಂದದ್ದು ಭುಜದ ನೋವು. ಎರಡೂ ಭುಜದ ಒಳಗೆ ಕೆಂಡ ತುಂಬಿಟ್ಟ ಹಾಗೆ ಉರಿದು, ಕೆಲವು ವಾರ ಅವಳನ್ನು ಹಿಂಡಿ ಹಿಪ್ಪೆ ಮಾಡಿ, ಬಂದ ಹಾಗೆಯೇ ಹೊರಟುಹೋಯಿತು. ಎಲ್ಲರೂ ಸಮಾಧಾನಪಟ್ಟರು. ಈಜು ಕಲಿಸುವ ಕೆಲಸಕ್ಕೆ ಮರಳಿದ ದಿನ, ಊರಿನ ಈಜುಕೊಳದ ಏಣಿಯನ್ನು ಎಂದಿನಂತೆ ಒಂದೊಂದೇ ಮೆಟ್ಟಿಲು ಇಳಿದಳು. ಮಂಡಿಯವರೆಗೆ ನೀರು, ತೊಡೆಯವರೆಗೆ, ಸೊಂಟದವರೆಗೆ. ಕ್ಲೋರಿನ್ನಿನ ವಾಸನೆ ಹಿತವಾಗಿತ್ತು. ನೀರು ಹೊಟ್ಟೆ ದಾಟಿ ಎದೆಯ ಹತ್ತಿರ ಬಂದದ್ದೇ ತಡ, ಹೊಟ್ಟೆಯೊಳಗಿನದೆಲ್ಲ ಯಾರೋ ಅಂಗೈಯಿಂದ ಮೇಲಕ್ಕೆ ಒತ್ತಿದ ಹಾಗಾಯಿತು. ಗಾಳಿ ಇತ್ತು, ಮೂಗಿತ್ತು, ಬಾಯಿತ್ತು. ಉಸಿರು ಮಾತ್ರ ಒಳಗೆ ಬರಲಿಲ್ಲ. ಕಂಬಿಯನ್ನು ಅವಚಿಕೊಂಡು ಮೇಲೆ ಹತ್ತಿ ಬಂದು, ಕಾಲು ಸೆಳೆಯಿತು ಎಂದು ಸುಳ್ಳು ಹೇಳಿದಳು. ಅಂಚಿನಲ್ಲಿ ಸಾಲಾಗಿ ಕೂತು ಕಾಲಾಡಿಸುತ್ತಿದ್ದ ಹುಡುಗಿಯರು ಅವಳನ್ನೇ ನೋಡಿದರು. ಅವಳಿಗೆ ಅವರಿಟ್ಟ ಹೆಸರು ಸೀಟಿ ಮಿಸ್ಸು. ಕಂಬಿ ಬಿಡದೆ ನಡುಗುತ್ತ ನಿಲ್ಲುವವರ ಮುಂದೆ ಸೀಟಿ ಊದಿ, 'ನಿನ್ನ ಕೈಲಾಗುತ್ತೆ, ಮನಸ್ಸಿಲ್ಲ ಅಷ್ಟೇ' ಎಂದು ಕೂಗುವುದು ಅವಳ ರೂಢಿ. ಆ ಮಾತು ಬಹಳ ಮಕ್ಕಳಿಗೆ ಈಜು ಕಲಿಸಿತ್ತು. ಕಲಿಸದೆ ಬರಿದೇ ಚುಚ್ಚಿದ್ದೂ ಇದ್ದಿರಬೇಕು. ಆ ಲೆಕ್ಕ ಅವಳು ಇಟ್ಟಿರಲಿಲ್ಲ. ಮರುದಿನವೂ ಇಳಿದಳು, ಮರುವಾರವೂ ಇಳಿದಳು. ಕೊನೆಗೆ ಮ್ಯಾನೇಜರು ಕರೆಸಿಕೊಂಡು, 'ನೀರಿಗೇ ಇಳಿಯದ ಸ್ವಿಮ್ಮಿಂಗ್ ಮಿಸ್ಸು ಎಲ್ಲಾದ್ರೂ ಇರ್ತಾರೇನ್ರಿ? ನೀವೇ ಹೇಳಿ' ಎಂದು ನಗುನಗುತ್ತಲೇ ಅವಳನ್ನು ಲಾಕರಿನ ಬೀಗದಕೈ ಕೊಡುವ ಕಿಂಡಿಯ ಹಿಂದೆ ಕೂರಿಸಿದರು. ಅವಳ ಕೈಯಿಂದ ಬೀಗದಕೈ ತೆಗೆದುಕೊಳ್ಳುವಾಗ ಹುಡುಗಿಯರು ನೆಲ ನೋಡುತ್ತಿದ್ದರು. ಅವರಿಗೆ ನಾಚಿಕೆಯಾಗುತ್ತಿದ್ದುದು ಅವಳ ಪರವಾಗಿ. ಅದನ್ನು ತಡೆದುಕೊಳ್ಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ಆಮೇಲೆ ಡಾಕ್ಟರುಗಳು. ಎಕ್ಸ್‌ರೇ ತೆಗೆದವರು ರೋಗಿ ಉಸಿರನ್ನು ಪೂರ್ತಿ ಎಳೆದುಕೊಂಡಿಲ್ಲ ಎಂದರು. ಎಳೆದುಕೊಳ್ಳಲು ಆಗುವುದಿಲ್ಲ ಎಂದು ಹೇಳಲು ತಾನೇ ಅವಳು ಅಲ್ಲಿಗೆ ಹೋದದ್ದು. ಉಸಿರು ಅಳೆಯುವ ಲ್ಯಾಬಿನಲ್ಲಿ ಒಬ್ಬ ದಪ್ಪ ಮೀಸೆಯವನು, ಅವಳು ಮನಸ್ಸಿನಲ್ಲೇ ಊದಪ್ಪ ಎಂದು ಹೆಸರಿಟ್ಟವನು, ಮೂಗಿಗೆ ಕ್ಲಿಪ್ಪು ಹಾಕಿ ಬಾಯಿಗೆ ಕೊಳವೆ ತುರುಕಿ ಕಿವಿಯ ಪಕ್ಕದಲ್ಲೇ ಊದಿ ಊದಿ ಊದಿ, ಇನ್ನೂ ಊದಿ ಎಂದು ಅರಚಿದ. ಕಣ್ಣು ಕತ್ತಲಿಟ್ಟು ಬರುವವರೆಗೆ ಊದಿದಳು. ಅವನು ಕೊಳವೆ ಕಿತ್ತುಕೊಂಡು ಗಂಡನ ಕಡೆಗೆ ತಿರುಗಿ, 'ಸಾರ್, ಮೇಡಂ ಟ್ರೈನೇ ಮಾಡ್ತಿಲ್ಲ' ಎಂದ. ವರದಿಯ ಕೆಳಗೆ ಅದನ್ನೇ ಸಭ್ಯ ಭಾಷೆಯಲ್ಲಿ ಬರೆದರು: ರೋಗಿಯ ಪ್ರಯತ್ನ ಸಾಲದು. ಜನ್ಮವಿಡೀ ಪ್ರಯತ್ನ ಎಂಬ ಒಂದೇ ಪದವನ್ನು ಸೀಟಿಯಲ್ಲಿ ಊದಿಕೊಂಡು ಬಂದವಳಿಗೆ ಪ್ರಯತ್ನ ಸಾಲದು ಎಂಬ ಆ ಎರಡು ಪದ ಬಾಸುಂಡೆಯ ಹಾಗೆ ಮೂಡಿದವು. ಮಾಮೂಲಿ ಡಾಕ್ಟರು ವರದಿ ನೋಡಿ ಪೆನ್ನಿನ ಮುಚ್ಚಳ ಹಾಕಿ, ಅವಳನ್ನಲ್ಲ, ಗಂಡನನ್ನು ಕೇಳಿದರು: 'ಮನೇಲಿ ಏನಾದ್ರೂ ಟೆನ್ಷನ್ನಾ?' ಗಂಡ ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿ, 'ಅಂಥದ್ದೇನಿಲ್ಲ ಡಾಕ್ಟ್ರೇ, ಇವಳಿಗೆ ಮೊದಲಿಂದ್ಲೂ ಸ್ವಲ್ಪ ಹಟ' ಎಂದಿದ್ದ. ನಾದಿನಿ ಬಂದಾಗ ಪಡಸಾಲೆಯಲ್ಲಿ ಹಾಕಿದ್ದ ಈಸಿ ಚೇರನ್ನೂ ಅದರ ಮೇಲಿನ ಹೊದಿಕೆಯನ್ನೂ ನೋಡಿ, ಅಣ್ಣನ ಮುಖ ನೋಡಿ, ಎಲ್ಲ ಅರ್ಥವಾದವಳ ಹಾಗೆ ದನಿ ಇಳಿಸಿದಳು. 'ಅತ್ತಿಗೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಹಾಸಿಗೆ ಬಿಟ್ಟು ಬಂದು ಕುರ್ಚೀಲಿ ಮಲಗೋದು ಚೆನ್ನಾಗಿರಲ್ಲ.' ಉಸಿರಿಗಾಗಿ ಕುರ್ಚಿಗೆ ಬಂದವಳು ಊರವರ ಬಾಯಲ್ಲಿ ಮುನಿಸಿಕೊಂಡು ಬಂದವಳಾದಳು.

'ಬನ್ನಿ' ಎಂದು ನರ್ಸು ಬಾಗಿಲಲ್ಲಿ ನಿಂತು ಕರೆದಾಗ ಗಂಡನೂ ಎದ್ದ. 'ನೀವು ಇಲ್ಲೇ ಇರಿ ಸಾರ್, ಆಮೇಲೆ ಕರೀತೀವಿ' ಎಂದಳು ನರ್ಸು. ಅವನು ಪೇಪರು ಮಡಿಸಿ ಮತ್ತೆ ಕೂತ. 'ಹೆದರ್ಕೋಬೇಡ. ಹೇಳಿದ ಹಾಗೆ ಮಾಡಿಬಿಡು' ಎಂದ. ದನಿಯಲ್ಲಿ ಅಕ್ಕರೆಯೇ ಇತ್ತು. ಹೇಳಿದ ಹಾಗೆ ಮಾಡುವುದಿಲ್ಲ ಎಂಬ ಗುಮಾನಿಯೂ ಇತ್ತು.

ಕೋಣೆ ಚಿಕ್ಕದು, ತಣ್ಣಗಿತ್ತು. ಒಂದು ದೊಡ್ಡ ಪರದೆ, ಬಟನ್ನು ಒತ್ತಿದರೆ ಏಳುವ ಇಳಿಯುವ ಮಂಚ, ಸ್ಟೀಲಿನ ತಟ್ಟೆಯಲ್ಲಿ ಶಾವಿಗೆಯಷ್ಟು ತೆಳ್ಳಗಿನ ಉದ್ದನೆಯ ಟ್ಯೂಬು. ಎದೆಯ ಡಾಕ್ಟರು ಅರವತ್ತರ ಸಮೀಪದ ಹೆಂಗಸು. ಕನ್ನಡಕವನ್ನು ಹಣೆಗೇರಿಸಿಕೊಂಡು, ಯಾವುದೋ ಫೋನಿಗೆ ಹೂಂ ಹೂಂ ಅನ್ನುತ್ತಿದ್ದರು. ಈ ಹೂಂ ಅವಳಿಗೆ ಗೊತ್ತಿತ್ತು. ಹೋದ ಸಲ ಬಂದಾಗ ಇವರು ಅವಳನ್ನು ಮಲಗಿಸಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಉಸಿರೆಳೆದುಕೊಳ್ಳಲು ಹೇಳಿ, ಹೂಂ ಎಂದಿದ್ದರು. ಉಸಿರೆಳೆದರೆ ಹೊಟ್ಟೆ ಉಬ್ಬಬೇಕು, ನಿಮ್ಮದು ಒಳಕ್ಕೆ ಹೋಗುತ್ತಿದೆ ಎಂದಷ್ಟೇ ಹೇಳಿ ಈ ಪರೀಕ್ಷೆಗೆ ದಿನ ಕೊಟ್ಟಿದ್ದರು. ಅವರ ಬಗ್ಗೆ ಅವಳಿಗೆ ಕೃತಜ್ಞತೆಯಿರಬೇಕಾಗಿತ್ತು. ಇರಲಿಲ್ಲ. ಒಂದು ಅಂಗೈಗೆ ಗೊತ್ತಾಗುವಂಥದ್ದು ಇಷ್ಟು ದಿನ ಯಾರ ಅಂಗೈಗೂ ಯಾಕೆ ಗೊತ್ತಾಗಲಿಲ್ಲ? ಯಾರೂ ಕೈಯಿಟ್ಟೇ ನೋಡಿರಲಿಲ್ಲವಲ್ಲ.

'ಇದು ಮೂಗಿಂದ ಅನ್ನನಾಳಕ್ಕೆ ಇಳಿಯುತ್ತೆ,' ಡಾಕ್ಟರು ಫೋನಿಟ್ಟು ಟ್ಯೂಬನ್ನು ಎತ್ತಿ ತೋರಿಸಿದರು. ತುದಿಯಲ್ಲೊಂದು, ಸ್ವಲ್ಪ ಮೇಲೊಂದು, ಗಾಳಿಯಿಲ್ಲದ ಪುಟ್ಟ ಬಲೂನುಗಳು ಜೋತಾಡುತ್ತಿದ್ದವು. 'ಎದೆಯೊಳಗಿನ ಒತ್ತಡ ಎಷ್ಟಿದೆ ಅಂತ ನೋಡೋಕೆ ಎದೆ ಕೊಯ್ಯೋಕಾಗಲ್ಲ. ಅನ್ನನಾಳ ಶ್ವಾಸಕೋಶದ ಮಗ್ಗುಲಲ್ಲೇ ಹಾದುಹೋಗುತ್ತೆ. ಮೆತ್ತಗಿನ ಕೊಳವೆ ಅದು, ಆ ಕಡೆ ಒತ್ತಡ ಏರಿದ್ರೆ ಇಳಿದ್ರೆ ಈ ಕಡೇನೂ ಗೊತ್ತಾಗುತ್ತೆ. ತೆಳು ಗೋಡೆಯ ಪಕ್ಕದ ಮನೆ ಇದ್ದ ಹಾಗೆ. ಇನ್ನೊಂದು ಬಲೂನು ಹೊಟ್ಟೇಲಿರುತ್ತೆ. ಎರಡರ ಮಧ್ಯೆ ಇರೋದು ವಪೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪೊರೆ. ಉಸಿರಾಟದ ಮುಖ್ಯ ಕೆಲಸಗಾರ ಅವನೇ. ಅವನು ಎದ್ದು ಕೆಲಸ ಮಾಡ್ತಿದ್ದಾನೋ ಬಿದ್ಕೊಂಡಿದ್ದಾನೋ, ಎರಡೂ ಬಲೂನು ಸೇರಿ ಹೇಳ್ತವೆ.'

'ನಾನು ಹೇಳಿದ್ದೂ ಅದನ್ನೇ' ಎಂದಳು ಅವಳು. ಹೇಳಿದ್ದು ಅದನ್ನಲ್ಲ ಎಂದು ಅವಳಿಗೂ ಗೊತ್ತಿತ್ತು. ವಪೆ ಎಂಬ ಪದವನ್ನು ಶಾಲೆ ಬಿಟ್ಟಮೇಲೆ ಕೇಳಿದ್ದೇ ಇದೇ ಮೊದಲು. ಡಾಕ್ಟರು ಅವಳನ್ನೊಮ್ಮೆ ನೋಡಿ, ಕೈಗವಸು ಹಾಕಿಕೊಂಡರು.

ಮೂಗಿನೊಳಗೆ ಜೋಮು ಹಿಡಿಸುವ ಲೇಪ ತಣ್ಣಗೆ ಹರಿದು ಗಂಟಲಿನ ಹಿಂದೆ ಕಹಿಯಾಯಿತು. ನರ್ಸು ನೀರಿನ ಲೋಟಕ್ಕೆ ಸ್ಟ್ರಾ ಹಾಕಿ ಬಾಯಿಗೆ ಹಿಡಿದಳು. 'ನಾನು ಗುಟುಕು ಅಂದಾಗ ಗುಟುಕರಿಸಿ.' ಟ್ಯೂಬು ಮೂಗಿನ ಮೇಲ್ಛಾವಣಿಗೆ ತಾಗಿ, ತಿರುಗಿ, ಗಂಟಲಿನ ಹಿಂದಿನ ಗೋಡೆಯನ್ನು ಮುಟ್ಟಿದಾಗ ಇಡೀ ಮೈ ಅದನ್ನು ಹೊರಗೆ ನೂಕಲು ಎದ್ದುನಿಂತಿತು. ಗುಟುಕು. ಕಣ್ಣಿನಿಂದ ನೀರು ಸುರಿಯಿತು. ಗುಟುಕು. ತನ್ನ ಗಂಟಲು ತನ್ನನ್ನು ಕೇಳದೆ ಆ ದಾರವನ್ನು ನುಂಗುತ್ತ ಹೋಗುವುದನ್ನು ಅವಳು ಬೇರೆ ಯಾರದೋ ವಿಷಯ ನೋಡಿದ ಹಾಗೆ ನೋಡಿದಳು. ಗುಟುಕು. ಚಿಕ್ಕವಳಿದ್ದಾಗ ಅಮ್ಮ ಮಾತ್ರೆ ನುಂಗಿಸಲು ಮೂಗು ಒತ್ತಿ ಹಿಡಿಯುತ್ತಿದ್ದಳು. ನುಂಗಿದೆ ಎಂದರೂ ನಂಬದೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. 'ಅಳ್ಬೇಡಿ ಮೇಡಂ, ಆಯ್ತು ಆಯ್ತು' ಎಂದಳು ನರ್ಸು. 'ಅಳ್ತಿಲ್ಲ. ನೀರು ಬರ್ತಿದೆ ಅಷ್ಟೇ.' ಮೂಗಿನೊಳಗಿಂದ ಬಂದ ದನಿ ಅವಳದ್ದೆನಿಸಲಿಲ್ಲ. ಟ್ಯೂಬಿನ ಹೊರತುದಿಯನ್ನು ಕೆನ್ನೆಗೆ ಅಂಟುಪಟ್ಟಿ ಹಚ್ಚಿ ನಿಲ್ಲಿಸಿದರು. ಪರದೆಯ ಮೇಲೆ ಎರಡು ಗೆರೆಗಳು, ಒಂದು ಹಸಿರು, ಒಂದು ಕೆಂಪು, ಅವಳ ಉಸಿರಿನ ಜೊತೆಗೆ ಏರಿ ಇಳಿಯತೊಡಗಿದವು. ಅವಳ ಒಳಗೆಲ್ಲ ಹೊರಗೆ ಕಾಣಿಸುತ್ತಿತ್ತು. ಬಟ್ಟೆ ಬಿಚ್ಚಿಸಿದ್ದರೂ ಇಷ್ಟು ಸಂಕೋಚವಾಗುತ್ತಿರಲಿಲ್ಲ.

'ನೆಗಡಿಯಾದಾಗ ಮೂಗು ಸೊರ್ ಅಂತ ಎಳ್ಕೋತೀವಲ್ಲ, ಹಾಗೆ ಒಂದ್ಸಲ. ಜೋರಾಗಿ.' ಅವಳು ಎಳೆದಳು. ಗೆರೆಗಳು ಕೆಳಗೆ ಬಿದ್ದು ಮತ್ತೆ ಮೇಲೆ ಬಂದವು. 'ಇನ್ನೊಂದ್ಸಲ.' ಎಳೆದಳು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಬಿಗಿದವು. 'ಇನ್ನೂ ಜೋರಾಗಿ ಆಗುತ್ತಾ?' ಆ ಮಾತಿಗೆ ಊದಪ್ಪನ ಮೀಸೆ ಕಣ್ಣಮುಂದೆ ಬಂತು. ಎಳೆದಳು, ಮತ್ತೆ ಎಳೆದಳು, ತಲೆ ಧಿಮ್ಮೆನ್ನುವವರೆಗೆ ಎಳೆದಳು. ಡಾಕ್ಟರು ಪರದೆಯನ್ನೇ ನೋಡುತ್ತಿದ್ದರು. 'ಸಾಲ್ದಾ?' ಎಂದು ಕೇಳಿದಳು. ಕೇಳಿದ್ದಕ್ಕೆ ಅವಳಿಗೆ ತನ್ನ ಮೇಲೇ ರೇಗಿತು. ಸಾಲದು ಎಂದರೆ ಈ ಟ್ಯೂಬನ್ನು ಕಿತ್ತು ಅವರ ಮೇಜಿನ ಮೇಲೆಸೆದು ಎದ್ದು ಹೋಗುವುದು ಎಂದು ತೀರ್ಮಾನಿಸಿದಳು. 'ಸುಮ್ನಿರಿ ಸ್ವಲ್ಪ' ಎಂದರು ಡಾಕ್ಟರು, ಬೇರೆ ಏನನ್ನೋ ಯೋಚಿಸುತ್ತ. 'ಈಗ ನೀವೇನೂ ಮಾಡ್ಬೇಡಿ. ಮೈ ಸಡಿಲ ಬಿಟ್ಟು ಕೂತಿರಿ. ಕುತ್ತಿಗೆ ಹಿಂದೆ ಒಂದು ಏಟು ಬಿದ್ದ ಹಾಗಾಗುತ್ತೆ, ನೋವಾಗಲ್ಲ. ಇದರಲ್ಲಿ ನಿಮ್ಮ ಪ್ರಯತ್ನದ ಪ್ರಶ್ನೇನೇ ಇಲ್ಲ. ವಪೆಯ ನರಾನ ನಾವೇ ಎಬ್ಬಿಸ್ತೀವಿ.' ಬಿಲ್ಲೆಯಂಥ ಸಲಕರಣೆಯೊಂದನ್ನು ನರ್ಸು ಅವಳ ಕುತ್ತಿಗೆಯ ಹಿಂದೆ ಇಟ್ಟಳು. ಟಕ್. ಭುಜ ಎರಡೂ ತಾವಾಗಿಯೇ ಹಾರಿದವು, ಕೈಗಳು ತೊಡೆಯ ಮೇಲಿಂದ ಎದ್ದು ಬಿದ್ದವು. ಟಕ್. ಟಕ್. ಪರದೆಯ ಮೇಲಿನ ಗೆರೆಗಳು ಮಾತ್ರ ಹೆಚ್ಚುಕಡಿಮೆ ಕದಲಲಿಲ್ಲ. ಡಾಕ್ಟರು ಹಣೆಯ ಕನ್ನಡಕವನ್ನು ಮೂಗಿಗಿಳಿಸಿ ಮುಂದೆ ಬಾಗಿದರು.

ಕದಲದ ಆ ಗೆರೆಯ ಅರ್ಥ ಏನೆಂದು ಯಾರೂ ಹೇಳದೆಯೇ ಅವಳಿಗೆ ಗೊತ್ತಾಯಿತು. ಮೊದಲು ಬಂದದ್ದು ಸಮಾಧಾನ, ಬಂದು ನಿಲ್ಲಲಿಲ್ಲ. ಅದರ ಹಿಂದೆಯೇ, ಅದನ್ನು ತಳ್ಳಿಕೊಂಡು, ಸಿಟ್ಟು ಬಂತು. ಹಾಗಾದರೆ ತನ್ನನ್ನು ಏನೂ ಕೇಳದೆ, ತನ್ನ ಒಳ್ಳೆಯತನ ಕೆಟ್ಟತನ ಯಾವುದೂ ಬೇಡದೆ, ಸತ್ಯ ಹೇಳುವ ಯಂತ್ರ ಈ ಊರಿನಲ್ಲೇ ಇತ್ತು. ಬೀಗದಕೈ ಕಿಂಡಿಯಿಂದ ಬಸ್ಸು ಹತ್ತಿದರೆ ಬರುವಷ್ಟು ದೂರದಲ್ಲಿ. ಅಷ್ಟು ದಿನವೂ ಅವಳು ಸುಳ್ಳುಗಾರ್ತಿಯಾಗಿದ್ದಳು.

'ಇನ್ನೊಂದೇ. ಮಲಗಿಸಿ ನೋಡ್ಬೇಕು,' ಡಾಕ್ಟರು ಈಗ ಅವಳ ಮುಖ ನೋಡಿ ಹೇಳಿದರು. 'ಕಷ್ಟ ಆಗುತ್ತೆ ಅಂತ ಗೊತ್ತು. ನಿಧಾನವಾಗಿ ಇಳಿಸ್ತೀನಿ. ಸಾಕು ಅನ್ಸಿದ ತಕ್ಷಣ ಕೈಯೆತ್ತಿ, ಎಬ್ಬಿಸಿಬಿಡ್ತೀನಿ. ಆಗ್ಬಹುದಾ?' ಆಗ್ಬಹುದಾ ಎಂದು ಕೇಳಿದ್ದು ಕಿವಿಗೆ ಹೊಸದಾಗಿತ್ತು. ಆಗಲಿ ಎಂದಳು. ಮಂಚದ ಬೆನ್ನು ಗುಂಯ್ ಎನ್ನುತ್ತ ಇಳಿಯಿತು. ಛಾವಣಿ ತಿರುಗಿ ಎದುರಿಗೆ ಬಂತು, ದೀಪದ ಚೌಕ ಬಂತು, ಮತ್ತೆ ಸ್ವಲ್ಪ ಇಳಿಯಿತು, ಈಸಿ ಚೇರಿನ ಕೋಲು ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಸರಿಯಿತು. ಅದು ಮನೆಯ ಪಡಸಾಲೆ, ಕೆಲವು ತಿಂಗಳ ಹಿಂದಿನ ಒಂದು ಭಾನುವಾರದ ಮಧ್ಯಾಹ್ನ; ಊಟವಾಗಿ, ಅವಳಿಗೆ ಕೂತಲ್ಲೇ ಜೋಂಪು ಹತ್ತಿತ್ತು. ಕಿಟಕಿಯ ಪರದೆ ಎಳೆದಿತ್ತು. ನಿದ್ದೆಯೊಳಗೇ ಬೆನ್ನಿನ ಕೆಳಗೆ ಕುರ್ಚಿಯ ಬಟ್ಟೆ ಸಡಿಲವಾದದ್ದು ಗೊತ್ತಾಯಿತು, ತಲೆ ಹಿಂದಕ್ಕೆ ಹೋದದ್ದು ಗೊತ್ತಾಯಿತು. ಕನಸಿನಲ್ಲಿ ಅವಳು ಏಣಿಯಿಂದ ನೀರಿಗಿಳಿಯುತ್ತಿದ್ದಳು. ಮತ್ತೊಂದು ಕಚ್ಚು. ನೀರು ಎದೆಗೆ ಬಂತು. ಕಣ್ಣು ಬಿಟ್ಟಾಗ ಗಾಳಿಯಿರಲಿಲ್ಲ. ಕೈಗಳು ಹಿಡಿಯಲು ಏನನ್ನೋ ಹುಡುಕುತ್ತಿದ್ದವು. ತಲೆಯ ಹತ್ತಿರ, ಕುರ್ಚಿಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಗಂಡ ನಿಂತಿದ್ದ. ಅವನು ಅವಳ ಮುಖವನ್ನು ನೋಡುತ್ತಿದ್ದ. ಕ್ರೂರವಾಗಿ ಅಲ್ಲ, ಬಹಳ ಗಮನವಿಟ್ಟು, ತನ್ನ ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಬೆಳಕಿಗೆ ಹಿಡಿದು ಗೀರಿದೆಯೇ ಎಂದು ನೋಡುವ ಹಾಗೆ. ಅವಳು ಉರುಳಿ ನೆಲಕ್ಕೆ ಬಿದ್ದು, ಮಂಡಿಯೂರಿ, ಏದುತ್ತ ಕೂತಮೇಲೆ ಅವನು, 'ಸುಮ್ನೆ ನೋಡ್ದೆ' ಎಂದ. ಅಷ್ಟೇ. ಆಮೇಲೆ ಕಾಫಿ ಮಾಡಿಕೊಂಡು ಬಂದ, ಇಬ್ಬರೂ ಕುಡಿದರು. ಆ ಮಧ್ಯಾಹ್ನದ ಮಾತು ಮತ್ತೆ ಅವರ ನಡುವೆ ಬರಲಿಲ್ಲ. ಅವನು ಆ ಹೊತ್ತಿಗಾದರೂ ನಂಬಿದನೇ? ಕೇಳಲಿಲ್ಲ. ನಿದ್ದೆಯಲ್ಲೂ ಇವಳು ನಾಟಕ ಮಾಡಬಲ್ಲಳು ಎಂದುಕೊಂಡಿರಲೂಬಹುದು. ಪರೀಕ್ಷೆಯ ಮಂಚದ ಮೇಲೆ ಅವಳು ಕೈಯೆತ್ತಿದಳು. ಗುಂಯ್ ಎನ್ನುತ್ತ ಮಂಚದ ಬೆನ್ನು ಕೂಡಲೇ ಏಳತೊಡಗಿತು. ಡಾಕ್ಟರ ಕೈ ಅವಳ ಬೆನ್ನಿನ ಹಿಂದಿತ್ತು. 'ಆಯ್ತು, ಆಯ್ತಮ್ಮ. ಮುಗೀತು. ಇನ್ನು ಮಲಗ್ಬೇಕಾಗಿಲ್ಲ.'

ಅವಳಿಗೆ ಉಸಿರು ಹದಕ್ಕೆ ಬರುವಷ್ಟರಲ್ಲಿ ಗಂಡನನ್ನು ಒಳಗೆ ಕರೆಸಿದ್ದರು. ಟ್ಯೂಬು ಇನ್ನೂ ಮೂಗಿನಲ್ಲಿತ್ತು. ಅವನು ಅದನ್ನು ನೋಡಿ ಮುಖ ಕಿವುಚಿ, ತಕ್ಷಣ ಪರದೆಯ ಕಡೆ ತಿರುಗಿದ. ಡಾಕ್ಟರು ಪೆನ್ನಿನ ತುದಿಯಿಂದ ಗೆರೆ ತೋರಿಸುತ್ತ ಅವನಿಗೇ ಹೇಳತೊಡಗಿದರು. 'ನೋಡಿ, ನಿಮ್ಮ ಮಿಸೆಸ್ ಉಸಿರೆಳೆದಾಗ ಎದೆ ಕಡೆಯ ಗೆರೆ ಇಳೀಬೇಕು, ಹೊಟ್ಟೆ ಕಡೆಯದ್ದು ಏರ್ಬೇಕು. ಇವರದ್ದು ಎರಡೂ ಒಟ್ಟಿಗೇ ಇಳೀತಿದೆ. ಅಂದ್ರೆ ವಪೆ ಕೆಲಸ ಮಾಡ್ತಿಲ್ಲ, ಎರಡೂ ಕಡೆಯದ್ದು. ಭುಜದ ನೋವು ಬಂದಿತ್ತಲ್ಲ, ಆಗ ಅದರ ನರ ಕೆಟ್ಟಿದೆ. ಕುತ್ತಿಗೆ, ಪಕ್ಕೆಲುಬಿನ ಸಣ್ಣಪುಟ್ಟ ಸ್ನಾಯುಗಳಲ್ಲೇ ಇಷ್ಟು ದಿನ ಉಸಿರಾಡ್ತಾ ಬಂದಿದಾರೆ. ಮಲಗಿದ್ರೆ, ನೀರಿಗಿಳಿದ್ರೆ, ಹೊಟ್ಟೆಯಲ್ಲಿರೋದೆಲ್ಲ ಮೇಲಕ್ಕೆ ನುಗ್ಗುತ್ತೆ, ತಡೆಯೋರಿಲ್ಲ.' 'ಅಂದ್ರೆ,' ಗಂಡ ತಡವರಿಸಿದ, 'ಅಂದ್ರೆ ನಿಜವಾಗ್ಲೂ ಇದೆ ಅಂತೀರಾ?' 'ಇದೆ.' 'ವಾಸಿಯಾಗುತ್ತಾ?' 'ನರ ತಾನಾಗೇ ಚೇತರಿಸ್ಕೋಬಹುದು, ನಿಧಾನ. ಚೇತರಿಸ್ಕೊಳ್ಳದೇನೂ ಇರ್ಬಹುದು. ಅಲ್ಲಿವರೆಗೆ ಮಲಗುವಾಗ ಮುಖಕ್ಕೆ ಹಾಕ್ಕೊಳ್ಳೋ ಗಾಳಿ ಮಷೀನು ಬರೆದುಕೊಡ್ತೀನಿ.'

ಗಂಡನ ಕಣ್ಣು ತುಂಬಿತ್ತು. ಅದು ಸುಳ್ಳಲ್ಲವೆಂದು ಅವಳಿಗೆ ಕಂಡಿತು. ಕಂಡದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಅವನು ಅವಳ ಭುಜ ಮುಟ್ಟಿ, 'ಅಯ್ಯೋ, ನಂಗೇನೇ ಗೊತ್ತಿತ್ತು? ನೀನು ಸರಿಯಾಗಿ ಬಿಡಿಸಿ ಹೇಳಿದ್ರೆ...' ಎಂದ. ಬಿಡಿಸಿ ಹೇಳಿದ್ದರೆ! ಅವನ ಕನ್ನಡಕದ ಅಂಗಡಿಯಲ್ಲಿ, ಹೆಸರು ಕೂಡ ಗೊತ್ತಿಲ್ಲದ ಗಿರಾಕಿಗಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಣ್ಣಮುಂದೆ ಒಂದೊಂದೇ ಗಾಜು ಹಾಕಿ, ಇದು ಚೆನ್ನಾಗಿ ಕಾಣ್ಸುತ್ತಾ, ಇದಾ, ಎಂದು ದಿನವಿಡೀ ಎಷ್ಟು ತಾಳ್ಮೆಯಿಂದ ಕೇಳುತ್ತಿದ್ದ. ಅವರು ಇದು ಅಂದರೆ ಇದು, ಅದು ಅಂದರೆ ಅದು. ನಿಮಗೆ ಮಸುಕಾಗಿ ಕಾಣುತ್ತಿರುವುದು ಸುಳ್ಳು, ನಿಮಗೆ ಹಟ ಎಂದು ಒಬ್ಬರಿಗೂ ಹೇಳಿದವನಲ್ಲ. ಅವರ ಬಾಯಿಮಾತಿನ ಮೇಲೇ ಗಾಜು ಅರೆದು ಕೊಡುತ್ತಿದ್ದ. ಹೆಂಡತಿಯ ಬಾಯಿಮಾತನ್ನು ನಂಬಲು ಅವಳ ಮೂಗಿನಿಂದ ಹೊಟ್ಟೆಯವರೆಗೆ ಟ್ಯೂಬು ಇಳಿಯಬೇಕಾಯಿತು. ಈ ಮಾತನ್ನು ಅವಳು ಆಡಬೇಕೆಂದುಕೊಂಡಳು. ಆದರೆ ಅವನಾಗಲೇ ಜೇಬಿನಿಂದ ಫೋನು ತೆಗೆದಿದ್ದ. 'ತಂಗಿಗೆ ಒಂದು ಮಾತು ಹೇಳ್ಬಿಡ್ತೀನಿ. ಪಾಪ, ಅವಳೂ ಕಾಯ್ತಿರ್ತಾಳೆ.'

'ಫೋನು ಆಮೇಲೆ,' ಡಾಕ್ಟರು ತಡೆದರು. 'ಟ್ಯೂಬು ತೆಗೆಯೋ ಮುಂಚೆ ಒಂದು ಕೇಳೋದಿತ್ತು. ನಮ್ಮ ಸ್ಟೂಡೆಂಟ್ಸು ಹೊರಗಿದಾರೆ. ಇಂಥ ಕೇಸು ಅವರಿಗೆ ಸಿಗೋದೇ ಕಮ್ಮಿ. ಒಂದೈದು ನಿಮಿಷ ನೋಡ್ಕೊಂಡು ಹೋಗ್ಲಾ?' ಅವರು ಕೇಳಿದ್ದು ಗಂಡನನ್ನು. 'ನೋಡ್ಲಿ ಬಿಡಿ ಡಾಕ್ಟ್ರೇ, ಕಲಿಯೋ ಮಕ್ಕಳು' ಎಂದ ಗಂಡ ಉದಾರವಾಗಿ.

'ನನ್ನನ್ನ ಕೇಳಿ.'

ಮೂಗಿನೊಳಗಿಂದ ಬಂದ ಆ ಮಾತು ಕೋಣೆಯಲ್ಲಿ ವಿಚಿತ್ರವಾಗಿ ಕೇಳಿಸಿತು. ನರ್ಸು ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿದಳು. ಡಾಕ್ಟರು ತಿರುಗಿದರು. ಒಂದು ಕ್ಷಣ ಅವರ ಮುಖದಲ್ಲಿ ಅಸಹನೆ ಹಾದುಹೋಯಿತು, ಆಮೇಲೆ ಅವರ ಕಿವಿಯೂ ಸ್ವಲ್ಪ ಕೆಂಪಾಯಿತು. ಅವರು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು. 'ಸರಿ. ತಪ್ಪಾಯ್ತು. ನಿಮ್ಮನ್ನೇ ಕೇಳ್ತೀನಿ. ಅವರು ಬರ್ಬಹುದಾ?'

'ಬರ್ಲಿ. ಆದ್ರೆ ಅದನ್ನ ಆರಿಸಿ,' ಅವಳು ಪರದೆ ತೋರಿಸಿದಳು. 'ಮೊದಲು ನಾನು ಹೇಳ್ತೀನಿ. ಪೂರ್ತಿ ಕೇಳಿದ್ಮೇಲೆ ಬೇಕಾದ್ರೆ ಹಾಕ್ಕೊಳ್ಳಿ.'

'ಏನೇ ಇದು, ಡಾಕ್ಟ್ರಿಗೆ ಬೇರೆ ಕೆಲಸ ಇರಲ್ವಾ' ಎಂದು ಗಂಡ ನಗಲು ನೋಡಿದ. ಡಾಕ್ಟರು ಎದ್ದು ಪರದೆ ಆರಿಸಿದರು.

ಬಿಳಿ ಕೋಟಿನ ಹುಡುಗ ಹುಡುಗಿಯರು ಒಬ್ಬರ ಹಿಂದೊಬ್ಬರು ಬಂದು, ಕಪ್ಪಗಾದ ಪರದೆಯನ್ನು ನೋಡಿ ಗೊಂದಲದಿಂದ ಗೋಡೆಗೆ ಒತ್ತಿ ನಿಂತರು. ಗಂಡ ಬಾಗಿಲ ಬಳಿಗೆ ಸರಿದ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಕೆನ್ನೆಗೆ ಅಂಟಿದ ಟ್ಯೂಬು ಮಾತಾಡಿದಾಗೆಲ್ಲ ಎಳೆಯುತ್ತಿತ್ತು. ಭುಜದ ನೋವಿನಿಂದ ಶುರುಮಾಡಿದಳು. ಒಂದು ವಾಕ್ಯ, ಒಂದು ಉಸಿರು. ಇನ್ನೊಂದು ವಾಕ್ಯ, ಇನ್ನೊಂದು ಉಸಿರು. ಮುಂದೆ ನಿಂತ ಹುಡುಗಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. 'ಬರೀಬೇಡಮ್ಮ. ಮುಖ ನೋಡು' ಎಂದಳು ಅವಳು, ಕೊಳದ ಅಂಚಿನಲ್ಲಿ ನಿಂತು ಹೇಳುವ ದನಿಯಲ್ಲಿ. ಹುಡುಗಿ ಪೆನ್ನು ಜೇಬಿಗಿಟ್ಟಳು. ಏಣಿಯ ಮೆಟ್ಟಿಲುಗಳನ್ನು ಹೇಳಿದಳು, ಬೀಗದಕೈ ಕಿಂಡಿ ಹೇಳಿದಳು, ಊದಿ ಊದಿ ಎಂದು ಅರಚಿದವನನ್ನು ಹೇಳಿದಾಗ ಒಬ್ಬ ಹುಡುಗ ನಕ್ಕು, ತಾನೂ ನಾಳೆ ಆ ಕೆಲಸ ಮಾಡುವವನೇ ಎಂಬುದು ನೆನಪಾದವನ ಹಾಗೆ ನಿಲ್ಲಿಸಿದ. ಏನಾದರೂ ಸಿಗಲಿ ಎಂದು ಬೇಡಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಈಸಿ ಚೇರಿನ ವಿಷಯಕ್ಕೆ ಬಂದಾಗ ಮಾತು ನಿಲ್ಲಿಸಿದಳು. ಬಾಗಿಲಲ್ಲಿ ಗಂಡ ಅವಳನ್ನೇ ನೋಡುತ್ತಿದ್ದ. ಬೇಡ ಎಂದು ಅವನ ಕಣ್ಣು ಕೇಳಿಕೊಳ್ಳುತ್ತಿತ್ತು. ಹೇಳದೆ ದಾಟಿಬಿಡಬಹುದಾಗಿತ್ತು. ಇವರಲ್ಲಿ ಯಾರಿಗೂ ಅದರ ಅಗತ್ಯವಿರಲಿಲ್ಲ, ಪರದೆಯ ಗೆರೆಗಳಿಗೂ ಇರಲಿಲ್ಲ. 'ಒಂದು ಭಾನುವಾರ ಮಧ್ಯಾಹ್ನ,' ಎಂದಳು, 'ನನಗೆ ನಿದ್ದೆ ಬಂದಿದ್ದಾಗ ನಮ್ಮ ಮನೆಯವರು...'

'ಅದೆಲ್ಲ ಯಾಕೀಗ,' ಗಂಡ ಒಂದು ಹೆಜ್ಜೆ ಮುಂದಿಟ್ಟ. 'ರೋಗಕ್ಕೂ ಅದಕ್ಕೂ ಏನು ಸಂಬಂಧ?'

ಯಾರೂ ಅವನ ಕಡೆ ನೋಡಲಿಲ್ಲ. ಅವಳು ಹೇಳಿದಳು. ಕುರ್ಚಿಯ ಒಂದೊಂದು ಕಚ್ಚನ್ನೂ ಬಿಡದೆ ಹೇಳಿದಳು. ಕೋಲು ಹಿಡಿದ ಕೈಗಳನ್ನು ಹೇಳಿದಳು, ಆ ಗಮನದ ಮುಖವನ್ನು ಹೇಳಿದಳು. ಅವನ ಎರಡು ಪದಗಳನ್ನು ಅವನದೇ ದನಿಯಲ್ಲಿ, ಮೆತ್ತಗೆ ಹೇಳಿದಳು. ಪೆನ್ನು ಜೇಬಿಗಿಟ್ಟ ಹುಡುಗಿಯ ತುಟಿ ಸ್ವಲ್ಪ ತೆರೆದುಕೊಂಡಿತ್ತು. ಗಂಡ ಗೋಡೆಗೆ ಒರಗಿದ, ಆಮೇಲೆ ಅಲ್ಲಿದ್ದ ಬೆಂಚಿನ ಮೇಲೆ ಕೂತ. ಅವಳ ಉಸಿರು ಮುಗಿದಿತ್ತು. ಬಾಯಿ ಮುಚ್ಚಿ, ಕತ್ತಿನ ಸ್ನಾಯುಗಳಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತ ಕೂತಳು. ಹೇಳುವುದಾಯಿತು ಎಂದು ತಿಳಿದು ಹುಡುಗರು ಕದಲಿದರು, ನರ್ಸು ತಟ್ಟೆ ತೆಗೆದುಕೊಂಡು ಹತ್ತಿರ ಬಂದಳು, ಡಾಕ್ಟರು ಅವಳ ಕೆನ್ನೆಯ ಅಂಟುಪಟ್ಟಿಗೆ ಕೈ ಚಾಚಿದರು.

ಅವಳು ಅವರ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಟ್ಟಳು.

'ಇನ್ನೂ ಮುಗಿದಿಲ್ಲ ಡಾಕ್ಟ್ರೇ,' ಎಂದಳು. 'ಉಸಿರು ತಗೋತಿದೀನಿ. ಕೂತ್ಕೊಳ್ಳಿ.'